ಅಪ್ಪನ ಸರದಿ

ನಮ್ಮಪ್ಪ ಉಗ್ಗುತ್ತಾರೆ. ಇದನ್ನು ನಾನು ಹೇಳಬಹುದು. ಬೇರೆಯವರು ಹೇಳಿದರೆ ಸುಮ್ಮನೆ ಬಿಡುವವಳಲ್ಲ. ನಮ್ಮ ವೆಲ್ಡಿಂಗ್ ಅಂಗಡಿಗೆ ಬಂದ ಗಿರಾಕಿಯೊಬ್ಬ ಅವರನ್ನು ಅಣಕಿಸಿದ ದಿನ, ಅವನ ಅರೆಬರೆ ಗೇಟನ್ನು ಹಾಗೇ ಬೀದಿಗೆ ಎಳೆದು ಹಾಕಿದ್ದೆ.

ನಮ್ಮ ಲೂಥರನ್ ಚರ್ಚಿನ ಸಭೆಯಲ್ಲಿ ಆರಾಧನೆ ಎಂದರೆ ಪಾಸ್ಟರ್ ಒಬ್ಬರ ಕೆಲಸವಲ್ಲ. ಅವರು ಹಾಡಿ ಕರೆದರೆ ನಾವು ಹಾಡಿ ಓಗೊಡಬೇಕು. ಪಾಪದ ಅರಿಕೆ, ನಂಬಿಕೆಯ ಪ್ರಮಾಣ, ಎಲ್ಲವೂ ಎಲ್ಲರ ಬಾಯಲ್ಲೂ ಬರಬೇಕು. ಹಾಗೆ ಹತ್ತು ಜನರ ಜೊತೆ ಹೇಳುವಾಗ ಅಪ್ಪನ ಮಾತು ಎಲ್ಲೂ ತಡೆಯುವುದಿಲ್ಲ. ಆದರೆ ಬೈಬಲಿನಿಂದ ಆ ವಾರದ ಪಾಠ ಓದುವವರು ಒಬ್ಬರೇ. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಸರದಿ ಬರುತ್ತದೆ. ಮೂವತ್ತು ವರ್ಷ ನಮ್ಮ ಮನೆಯ ಪರವಾಗಿ ಅಮ್ಮನೇ ಓದಿದಳು. ಹೋದ ವರ್ಷ ಅಮ್ಮ ತೀರಿಕೊಂಡಳು.

"ಈ ಸಲ ನಾನು ಓದ್ತೀನಿ ಬಿಡಿ ಅಪ್ಪ," ಎಂದೆ.

"ನಾ... ನಾ... ನಾನೇ," ಎಂದರು. ಅಷ್ಟಕ್ಕೇ ಕುತ್ತಿಗೆಯ ನರ ಉಬ್ಬಿತು. ಹಟ ಮಾತ್ರ ಬಿಡಲಿಲ್ಲ.

ಮೂರು ವಾರ ಅಂಗಡಿಯಲ್ಲೇ ತಾಲೀಮು. "ನಿಧಾನ ಅಪ್ಪ, ಉಸಿರು ಎಳ್ಕೊಳ್ಳಿ, ಒಂದೊಂದೇ ಪದ," ಎಂದು ಅವರ ತಲೆ ತಿಂದೆ. ನಿಧಾನ ಮಾಡಿದಷ್ಟೂ ಹೆಚ್ಚು ಸಿಕ್ಕಿಹಾಕಿಕೊಂಡರು. ಬೇಸತ್ತು ಕಬ್ಬಿಣ ಉಜ್ಜುತ್ತ ಕೂತು, ಪಾಸ್ಟರ್ ಬಲಿಪೀಠದ ಮುಂದೆ ಹಾಡುವ ಪ್ರಾರ್ಥನೆಯನ್ನು ಅದೇ ಧಾಟಿಯಲ್ಲಿ ಗುನುಗತೊಡಗಿದರು. "ಹಾಡು ಸಾಕು, ಪಾಠ ಓದಿ," ಎಂದು ಗದರಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಭಾನುವಾರ ಪಾಠದ ಒಂದು ಪ್ರತಿಯನ್ನು ಮುಷ್ಟಿಯಲ್ಲಿ ಮಡಚಿಟ್ಟುಕೊಂಡು ಮೊದಲ ಬೆಂಚಿನಲ್ಲಿ ಕೂತೆ. ವೆಲ್ಡಿಂಗ್ ಕಿಡಿ ಸಿಡಿದು ಸುಟ್ಟ ಗುರುತಿರುವ ಕೈಗಳನ್ನು ಓದುವ ಪೀಠದ ಮೇಲಿಟ್ಟು ಅಪ್ಪ ಬಾಯಿ ತೆರೆದರು. ಮೊದಲ ಅಕ್ಷರವೇ ಗಂಟಲಲ್ಲಿ ನಿಂತಿತು. ಮತ್ತೆ ತೆರೆದರು. ಮತ್ತೆ ನಿಂತಿತು. ಹಿಂದೆ ಯಾರೋ ಕೆಮ್ಮಿದರು. ತಡೆಯಲಾರದೆ ಪ್ರತಿಯನ್ನು ಬಿಡಿಸಿ ಅರ್ಧ ಎದ್ದೆ.

ಅಪ್ಪ ನನ್ನತ್ತ ನೋಡಿ, ಕೂತ್ಕೋ ಎಂದು ಕೈಸನ್ನೆ ಮಾಡಿದರು. ಆಮೇಲೆ ಹಾಡಿದರು.

ಪಾಠವನ್ನೇ ಹಾಡಿದರು! ಪಾಸ್ಟರ್ ಪ್ರಾರ್ಥನೆ ಹಾಡುವ ಅದೇ ಧಾಟಿ. ಒಂದೇ ಸ್ವರದಲ್ಲಿ ಸಾಗಿ, ವಾಕ್ಯದ ಕೊನೆಗೆ ಮೆಲ್ಲಗೆ ಇಳಿಯುವುದು. ಒಂದು ಪದವೂ ಮುಗ್ಗರಿಸಲಿಲ್ಲ. ಪಾಠ ಮುಗಿದಾಗ ನಾವು ಸಾಮಾನ್ಯವಾಗಿ "ದೇವರಿಗೆ ಸ್ತೋತ್ರ" ಎಂದು ಗೊಣಗಿ ಕೂರುವವರು. ಅಂದು ಆರ್ಗನ್ ನುಡಿಸುವ ನನ್ನ ಸೋದರತ್ತೆ, ಯಾರ ಹಾಡನ್ನೂ ಮೆಚ್ಚದ ಅತ್ತೆ, ಅಪ್ಪನ ಸ್ವರವನ್ನೇ ಹಿಡಿದು ನುಡಿಸಿದರು. ಇಡೀ ಸಭೆ ಹಾಡಿ ಉತ್ತರ ಕೊಟ್ಟಿತು. ಹೆಮ್ಮೆಯಿಂದ ನನ್ನ ಎದೆ ಬಿರಿಯುವುದೊಂದು ಬಾಕಿ.

ಬಾಗಿಲಲ್ಲಿ ಪಾಸ್ಟರ್ ಅಪ್ಪನ ಕೈ ಹಿಡಿದುಕೊಂಡರು. "ಹಿಂದಿನವರು ಪಾಠಾನ ಹೀಗೆ ಹಾಡ್ತಿದ್ರಂತೆ. ನಾವೇ ಬಿಟ್ಟುಬಿಟ್ಟಿದ್ವಿ."

ಸಭೆಯ ಕಾರ್ಯದರ್ಶಿ ಪೆನ್ನು ತೆಗೆದು ನನ್ನನ್ನು ಕೇಳಿದರು: "ಮುಂದಿನ ವರ್ಷಕ್ಕೆ ನಿಮ್ಮ ಮನೆಯಿಂದ ಯಾರ ಹೆಸರು ಬರ್ಕೊಳ್ಳಲಿ?"

ಬಾಯಿ ತೆರೆದೆ. ಊರಿಗೆಲ್ಲ ಬಾಯಿ ಮಾಡುವ ನಾನೂ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡೆ. "ಅ... ಅ..." ಎಂದೆ. ಕಣ್ಣೀರು ಇಳಿಯಿತು.

"ನಿ... ನಿಧಾನ," ಎಂದರು ಅಪ್ಪ, ನಗುತ್ತ. "ಉ... ಉಸಿರು ಎಳ್ಕೋ ಮಗಳೇ."