ನಾರುವ ಸೀಸೆ

ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕೊಳೆತ ಆಲೂಗಡ್ಡೆಯ ನಾತ. ವಾಗೀಶನ ಹಾಲಿನ ಪುಡಿ ಅದು. ಎಮ್ಮೆ ಹಾಲೋ ಹಸುವಿನ ಹಾಲೋ ಹೊಟ್ಟೆಗೆ ಹೋದರೆ ಆ ಕೂಸಿನ ಮಲದಲ್ಲಿ ರಕ್ತ ಬೀಳುತ್ತಿತ್ತು. ತಾಯಿ ಗಂಗೋತ್ರಿಯ ಎದೆಹಾಲು ಬೇಗ ಬತ್ತಿತ್ತು. ಆದೋನಿಯ ಮಕ್ಕಳ ಡಾಕ್ಟರು ಈ ಪುಡಿ ಬರೆದುಕೊಟ್ಟ ಮೇಲೆಯೇ ರಕ್ತ ನಿಂತದ್ದು, ಕೆನ್ನೆ ತುಂಬಿದ್ದು. ಮೊದಮೊದಲು ಆಕೆಗೂ ಓಕರಿಕೆ ಬರುತ್ತಿತ್ತು. ಆಮೇಲೆ ಒಗ್ಗಿಹೋಯಿತು.

ಮನೆಯವರಿಗೆ ಒಗ್ಗಲಿಲ್ಲ. ಹತ್ತಿ ವ್ಯಾಪಾರದ ದೊಡ್ಡ ಮನೆ, ಹಿತ್ತಲಲ್ಲಿ ಹಾಲು ಕರೆಯುವ ಎಮ್ಮೆ. ಅತ್ತೆ ಮಹಾಂತಮ್ಮ ಕೂಸಿನ ಹಾಲಿನ ಸೀಸೆ ಕಂಡರೆ ಸೆರಗು ಮೂಗಿಗೆ ಒತ್ತುವರು. ಗಂಡ ಸೋಮೇಶ್ ಎದ್ದು ಕಟ್ಟೆಗೆ ಹೋಗುವನು. ಬಾಯಿ ತುಂಬ ಗುಟ್ಕಾ ಇಟ್ಟುಕೊಂಡವನಿಗೆ ಮಗನ ಊಟ ನಾರುತ್ತಿತ್ತಂತೆ, ಥೂ.

ಒಂದು ದಿನ ಗೋನೆಗಂಡ್ಲದಿಂದ ನೆಂಟರು ಕೂಸು ನೋಡಲು ಬಂದರು.

"ಅವರ ಮುಂದ ಆ ನಾತ ಎಬ್ಬಿಸಬ್ಯಾಡವ್ವ, ಮರ್ಯಾದಿ ಹೋಗ್ತೈತಿ" ಎಂದರು ಮಹಾಂತಮ್ಮ.

"ಹಸದ್ರ ಕೊಡ್ಬೇಕಲ್ರಿ ಅತ್ತಿ."

"ನಾ ಕುಡಿಸ್ತೀನಿ. ನೀ ಜಳಕ ಮಾಡಿ ಬಾ."

ಗಂಗೋತ್ರಿ ಪುಡಿ ಕಲಸಿಟ್ಟು ಹೋದಳು. ತಿರುಗಿ ಬಂದಾಗ ಪಡಸಾಲೆ ಘಮಘಮ ಅನ್ನುತ್ತಿತ್ತು. ಅತ್ತೆಯ ತೊಡೆಯ ಮೇಲೆ ವಾಗೀಶ, ಪಕ್ಕದಲ್ಲಿ ಖಾಲಿ ಸೀಸೆ. ನೆಂಟರು ಮೆಚ್ಚಿಕೊಂಡು ನಗುತ್ತಿದ್ದರು. ಗಂಗೋತ್ರಿ ಸೀಸೆ ಎತ್ತಿ ಮೂಸಿದಳು, ನಾತವೇ ಇಲ್ಲ.

"ಏನು ಹಾಕಿದ್ರಿ ಇದ್ರಾಗ?"

"ಬಂಗಾರದಂಥ ಎಮ್ಮಿ ಹಾಲು. ಒಂದ್ಸಲಕ್ಕ ಏನಾಗ್ತೈತಿ" ಎಂದರು ಮಹಾಂತಮ್ಮ, ಎಲ್ಲರ ಮುಂದೆ, ಹೆಮ್ಮೆಯಿಂದಲೇ.

ಆದದ್ದು ಸಂಜೆಯೊಳಗೆ ಆಯಿತು. ವಾಂತಿ, ಭೇದಿ, ಬಟ್ಟೆಯ ತುಂಬ ಲೋಳೆ ಬೆರೆತ ರಕ್ತ. ಆಸ್ಪತ್ರೆಯಲ್ಲಿ ಪುಟ್ಟ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿದರು. ಮಹಾಂತಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಅಲ್ಲಿಗೂ ಬಂದರು. ಬಂದ ನೆಂಟರ ದಿಷ್ಟಿ ತಗಲಿದೆಯಂತೆ. ಸೋಮೇಶ್ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಡಾಕ್ಟರ್ ಮುಂದ ಅವ್ವನ ಹೆಸರು ಹೇಳಬ್ಯಾಡ" ಎಂದ. ಹೇಸಿಗೆ ಎಂದರೆ ಇದು ಎಂದು ಗಂಗೋತ್ರಿಗೆ ಅನ್ನಿಸಿತು. ಆಕೆ ಹೆಸರು ಹಿಡಿದೇ ಹೇಳಿದಳು.

ಕೂಸು ಚೇತರಿಸಿಕೊಂಡು ಮನೆಗೆ ಬಂತು. ಗಂಗೋತ್ರಿ ಪುಡಿ ಕಲಸುತ್ತಿದ್ದಾಗ ಮಹಾಂತಮ್ಮ ಎಮ್ಮೆ ಕರೆದು ಒಳಗೆ ಬಂದವರು ಮೊಮ್ಮಗನಿಗೆ ಕೈ ಚಾಚಿದರು. ಆ ಕೈಯ ಹಸಿ ಹಾಲಿನ ವಾಸನೆ ಈಗ ಗಂಗೋತ್ರಿಗೆ ನಾತವೆನಿಸಿತು. ಆಕೆ ಸೀಸೆಯನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು. ಮಹಾಂತಮ್ಮ ಇನ್ನೊಂದು ಕೈಯಿಂದ ಸೆರಗು ಮೂಗಿಗೆ ಒತ್ತಿದರು.

"ಸೆರಗು ತೆಗದು ಮೂಸ್ರಿ."

ಮಹಾಂತಮ್ಮ ಮೂಸಿ ಮುಖ ಕಿವುಚಿದರು. "ನಾರ್ತೈತಿ."

"ನಾರ್ಬೇಕ್ರಿ ಅತ್ತಿ. ಅವತ್ತು ನಾರ್ಲಿಲ್ಲ."

ಮಹಾಂತಮ್ಮ ಚಾಚಿದ ಕೈ ಹಾಗೇ ಇತ್ತು. ಗಂಗೋತ್ರಿ ಕೂಸನ್ನು ಕೊಡಲಿಲ್ಲ.