ಬಾಗಿಲು ಬಡಿಯಬಾರದ ಹೊತ್ತು

ಕಿಟಕಿಯ ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು ಕಂಡವು. ಒಂದರ ಮೇಲೊಂದು ಹೆಣೆದುಕೊಂಡು ತುದಿಗಾಲಲ್ಲಿ ನಿಂತಿದ್ದವು. ಪರದೆಯ ಬಟ್ಟೆ ಒಳಗಿನಿಂದ ಯಾರದೋ ಮುಷ್ಟಿಗೆ ಸಿಕ್ಕಿ ಹಿಂಡಿಹೋಗಿತ್ತು. ಇನ್ಸ್‌ಪೆಕ್ಟರರು ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು.

"ಸಿಕ್ಕಿಬಿದ್ದಳು ಕಳ್ಳಿ," ಎಂದರು ಅಡುಗೆಮನೆಯ ಕಡೆ ಮುಖ ಮಾಡಿ. "ಬಾಮ್ಮಾ, ನಿನ್ನ ಮಗಳು ಮತ್ತೆ ಪರದೆ ಹಿಂದೆ ಶುರುಮಾಡ್ಕೊಂಡಿದಾಳೆ. ಟಾಯ್ಲೆಟ್ ಹತ್ತು ಹೆಜ್ಜೆ ದೂರ ಇಲ್ಲ. ಸೋಮಾರಿತನ ಅಂದ್ರೆ ಇದು."

ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಪರದೆ ಸರಿಸಿದಳು. ನಾಲ್ಕು ವರ್ಷದ ಮೆಣಸು ಮುಖ ಕೆಂಪಗೆ ಮಾಡಿಕೊಂಡು, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಮೆಣಸು ಎಂಬುದು ಮನೆಯವರ ಅಡ್ಡಹೆಸರು, ಅವಳ ನಿಜವಾದ ಹೆಸರನ್ನು ಶಿಶುವಿಹಾರದವರು ಮಾತ್ರ ಬಳಸುತ್ತಿದ್ದರು. ಚಡ್ಡಿಯಲ್ಲಿ ಅಷ್ಟಿಷ್ಟು ತೆಳ್ಳಗೆ ಆಗಿಹೋಗಿತ್ತು.

"ನನಗೆ ಬಂದಿಲ್ಲ," ಎಂದಳು ಮೆಣಸು.

"ಬಂದಿಲ್ವಂತೆ!" ಇನ್ಸ್‌ಪೆಕ್ಟರರು ಮೂಗು ಮುಚ್ಚಿಕೊಂಡು ನಕ್ಕರು. "ನಾನು ನೋಡದ ಮುಖಾನಾ ಇದು?"

ಇನ್ಸ್‌ಪೆಕ್ಟರರು ಎಂದರೆ ಪೊಲೀಸಿನವರಲ್ಲ. ಸಿಟಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಯಾರಾದರೂ ಪೊಲೀಸ್ ಎಂದುಕೊಂಡರೆ ತಿದ್ದುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಬಸ್ಸು ಹತ್ತಿದ ಕೂಡಲೇ ಯಾರ ಬಳಿ ಟಿಕೆಟ್ ಇಲ್ಲ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬುದು ಅವರ ಹೆಮ್ಮೆ. ಕೆಲಸ ಹೋಯಿತು, ಆ ನೋಟ ಹೋಗಲಿಲ್ಲ. ಹಾಲಿನವನು, ಎದುರುಮನೆಯ ಗುಮಾಸ್ತ, ಫ್ರಿಜ್ ರಿಪೇರಿ ಮಾಡುವ ಸ್ವಂತ ಮಗ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ಎಲ್ಲರೂ ಅವರ ಕಣ್ಣಿಗೆ ಟಿಕೆಟ್ ತಗೊಳ್ಳದೆ ಸೀಟು ಹಿಡಿದು ಕೂತವರೇ. ಈಗ ಆ ಸಾಲಿಗೆ ಮೊಮ್ಮಗಳೂ ಸೇರಿದ್ದಳು.

ಮನೆಯಲ್ಲಿ ಇದ್ದದ್ದು ಒಂದೇ ಟಾಯ್ಲೆಟ್. ಬೆಳಿಗ್ಗೆ ಇನ್ಸ್‌ಪೆಕ್ಟರರು ಪೇಪರು ಹಿಡಿದು ಒಳಹೊಕ್ಕರೆ ಪೇಪರಿನಲ್ಲಿ ಓದುವುದೇನೂ ಉಳಿಯದಂತಾದ ಮೇಲೇ ಹೊರಬರುತ್ತಿದ್ದುದು. ಆ ಹೊತ್ತಿನಲ್ಲಿ ಬಾಗಿಲು ಬಡಿಯಕೂಡದು, ಅದು ಮನೆಯ ಕಾನೂನು. ಸೊಸೆ ಅವರಿಗಿಂತ ಮುಂಚೆ ಎದ್ದು ಮುಗಿಸಿಕೊಳ್ಳುತ್ತಿದ್ದಳು. ಮಗ ಅಂಗಡಿಯ ಪಕ್ಕದ ಪೆಟ್ರೋಲ್ ಬಂಕಿನವರ ಸ್ನೇಹ ಸಂಪಾದಿಸಿದ್ದ. ಒಳಗೆ ಇನ್ಸ್‌ಪೆಕ್ಟರರು ತಿಣುಕುತ್ತಿದ್ದರು, ನರಳುತ್ತಿದ್ದರು, "ಅಯ್ಯಯ್ಯಪ್ಪಾ, ಸತ್ತೆ, ಬಿಡೋ ಪಾಪೀ" ಎಂದು ಯಾರನ್ನೋ ಬೈಯುತ್ತಿದ್ದರು. ಮಲಬದ್ಧತೆ ಎಂದು ಅದಕ್ಕೊಂದು ಹೆಸರಿದೆ ಎಂದು ಒಪ್ಪಿಕೊಳ್ಳುವ ಜಾತಿ ಅವರದಲ್ಲ. ಅವರ ಪ್ರಕಾರ ಅದು ಗಂಡಸು ಹೊಟ್ಟೆಯನ್ನು ಶುದ್ಧವಾಗಿಟ್ಟುಕೊಳ್ಳುವ ಕ್ರಮ. ತೊಟ್ಟಿಕ್ಕುವ ನಲ್ಲಿಗೆ ಒಗ್ಗಿಕೊಂಡ ಹಾಗೆ ಮನೆಯವರು ಆ ಸದ್ದಿಗೂ ಒಗ್ಗಿಕೊಂಡಿದ್ದರು.

ಶಿಶುವಿಹಾರದವರು ಮೆಣಸನ್ನು ಮನೆಗೆ ವಾಪಸು ಕಳಿಸಿದ್ದು ಅದೇ ವಾರ. ಕರೆದುಕೊಂಡು ಬರಲು ಹೋದದ್ದು ಇನ್ಸ್‌ಪೆಕ್ಟರರೇ. ಅಲ್ಲಿನ ಮೇಡಮ್ಮು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿದ ಚಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟರು.

"ದಿನಾ ಹೀಗೇ ಆಗ್ತಿದೆ, ಸಾರ್. ಬೇರೆ ಮಕ್ಕಳು ಮೂಗು ಮುಚ್ಕೊಂಡು ದೂರ ಹೋಗ್ತಾರೆ. ತಿಂಗಳ ಕೊನೆವರೆಗೂ ನೋಡ್ತೀವಿ. ಟಾಯ್ಲೆಟ್‌ಗೆ ಹೋಗೋದು ಕಲಿಯದೇ ಇದ್ರೆ ಮುಂದಿನ ವರ್ಷ ಕರ್ಕೊಂಡು ಬನ್ನಿ."

ಇನ್ಸ್‌ಪೆಕ್ಟರರ ಮರ್ಯಾದೆ ಹರಾಜಾಯಿತು. ಜೀವಮಾನವಿಡೀ ಇತರರನ್ನು ಬಸ್ಸಿನಿಂದ ಇಳಿಸಿದವರು ಅವರು. ದಾರಿಯುದ್ದಕ್ಕೂ ಕವರನ್ನು ಮೈಯಿಂದ ದೂರ ಹಿಡಿದುಕೊಂಡು ನಡೆದರು. ಮೆಣಸು ಹಿಂದೆ ಹಿಂದೆ, ಕಾಲು ಅಗಲಿಸಿಕೊಂಡು ಬಂದಳು. ಅವಳ ಕೈ ಹಿಡಿದುಕೊಳ್ಳಬೇಕು ಎಂದು ಅವರಿಗೆ ಹೊಳೆಯಲಿಲ್ಲ.

ಸಂಜೆ ಸೊಸೆಗೆ ವಿಷಯ ತಿಳಿದಾಗ ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಮಗು ಮನೆಯಲ್ಲಿ ಉಳಿದರೆ ಅವಳೂ ಮನೆಯಲ್ಲಿ ಉಳಿಯಬೇಕು, ಮಾವನಿಗೆ ಬಿಟ್ಟುಹೋಗುವ ಹಾಗಿರಲಿಲ್ಲ. ಅಂಗಡಿಯವನು ಒಂದು ವರ್ಷ ಅವಳ ಜಾಗ ಕಾದಿಡುವಷ್ಟು ಒಳ್ಳೆಯವನೇನಲ್ಲ. ಮಗ, "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡು," ಎಂದು ಹೇಳಿ ಟಿವಿ ಹಾಕಿದ. ಏನು ಕೆಟ್ಟರೂ ಅವನು ಹೇಳುತ್ತಿದ್ದುದು ಇಷ್ಟೇ. ಗಿರಾಕಿಗಳ ಫ್ರಿಜ್ಜಿಗೂ ಇದನ್ನೇ ಹೇಳುತ್ತಿದ್ದನೋ ಏನೋ.

"ಇದು ಭೇದಿ," ಎಂದು ಇನ್ಸ್‌ಪೆಕ್ಟರರು ತೀರ್ಪು ಕೊಟ್ಟರು. "ತೆಳ್ಳಗೆ ಹೋಗ್ತಿದೆ ಅಂದ್ರೆ ಭೇದಿ ಅಲ್ದೆ ಇನ್ನೇನು? ಹಣ್ಣು, ತರಕಾರಿ ಎಲ್ಲ ನಿಲ್ಲಿಸು. ಬರೀ ಬ್ರೆಡ್ಡು ಕೊಡು, ಕಟ್ಟಿಕೊಳ್ಳುತ್ತೆ. ಮೇಲಿಂದ ಎರಡು ಏಟು ಕೊಡು, ಸೋಮಾರಿತನವೂ ಹೋಗುತ್ತೆ."

ಸೊಸೆ ಮರುದಿನ ಅಂಗಡಿಗೆ ರಜೆ ಹಾಕಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಇನ್ಸ್‌ಪೆಕ್ಟರರೂ ಚಪ್ಪಲಿ ಮೆಟ್ಟಿದರು. ಡಾಕ್ಟರು ತಮ್ಮ ಮಾತನ್ನೇ ಹೇಳುವುದನ್ನು ಕಿವಿಯಾರೆ ಕೇಳಬೇಕಿತ್ತು ಅವರಿಗೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಇವಳೇನು ಹೇಳಿಯಾಳು ಎಂದು ಇನ್ಸ್‌ಪೆಕ್ಟರರು ಬಾಗಿಲಲ್ಲೇ ತೀರ್ಮಾನಿಸಿದರು. ಆಕೆ ಮೆಣಸನ್ನು ಮಲಗಿಸಿ, ಕೈ ಉಜ್ಜಿ ಬಿಸಿ ಮಾಡಿಕೊಂಡು, ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು.

"ಇಲ್ಲಿ ಗಟ್ಟಿಯಾಗಿ ಸಿಗುತ್ತೆ ನೋಡಿ. ಇದು ಭೇದಿ ಅಲ್ಲ. ಉಲ್ಟಾ. ತುಂಬಾ ದಿನದಿಂದ ಹಿಡ್ಕೊಂಡು ಹಿಡ್ಕೊಂಡು ಒಳಗೆ ಕಲ್ಲಾಗಿದೆ. ಅದರ ಪಕ್ಕದಿಂದ ನೀರು ನೀರಾಗಿರೋದು ಸೋರ್ತಿದೆ. ಸೋರ್ತಿರೋದು ಅವಳಿಗೇ ಗೊತ್ತಾಗ್ತಿಲ್ಲ."

"ಗೊತ್ತಾಗಲ್ವಾ? ಪರದೆ ಹಿಂದೆ ನಿಂತು ತಿಣುಕೋದನ್ನ ಕಣ್ಣಾರೆ ನೋಡಿದೀನಿ," ಎಂದರು ಇನ್ಸ್‌ಪೆಕ್ಟರರು.

"ಹೇಗೆ ನಿಲ್ತಾಳೆ?"

"ಕಾಲು ಹೆಣಕೊಂಡು, ತುದಿಗಾಲಲ್ಲಿ."

"ತಿಣುಕೋದಲ್ಲ ಅದು, ಯಜಮಾನ್ರೇ. ಬರದೇ ಇರಲಿ ಅಂತ ತಡೆಯೋದು. ಕಾಲು ಹೆಣಕೊಂಡು ಯಾರಾದರೂ ತಿಣುಕ್ತಾರಾ?"

ಮುಖ ನೋಡಿ ಕಳ್ಳರನ್ನು ಹಿಡಿದವರಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಗೋಡೆಯ ಮೇಲಿನ ಪಟ ನೋಡುತ್ತಾ ಕೂತರು. ಡಾಕ್ಟರು ಒಂದು ಪುಡಿ ಬರೆದುಕೊಟ್ಟರು. ನೀರಲ್ಲಿ ಕದಡಿ ದಿನಾ ಕುಡಿಸಬೇಕು, ಸರಿಹೋಯಿತು ಅನಿಸಿದ ಮೇಲೂ ತಾವು ಹೇಳುವವರೆಗೆ ನಿಲ್ಲಿಸಬಾರದು. ಊಟ ಆದ ಮೇಲೆ ಸ್ವಲ್ಪ ಹೊತ್ತು ಕೂರಿಸಬೇಕು, ಕಾಲು ಜೋತಾಡದ ಹಾಗೆ ಕೆಳಗೊಂದು ಮಣೆ ಇಡಬೇಕು. ಬೈಯಬಾರದು, ಹೊಡೆಯಬಾರದು, ಅವಸರ ಮಾಡಬಾರದು.

"ಒಂದು ಸಲ ನೋವಾಗಿದ್ರೆ ಮಕ್ಕಳು ಹೆದರಿಕೊಂಡು ತಡೀತಾರೆ. ಟಾಯ್ಲೆಟ್ ಕಂಡ್ರೆ ಭಯ ಬರೋ ಹಾಗೆ ಏನಾದರೂ ಆಗಿದೆಯಾ?"

"ಗೊತ್ತಿಲ್ಲ ಡಾಕ್ಟ್ರೇ. ಒಳಗೆ ಕಾಲೇ ಇಡಲ್ಲ," ಎಂದಳು ಸೊಸೆ.

"ಮನೇಲಿ ಇನ್ಯಾರಿಗಾದರೂ ಮಲಬದ್ಧತೆ ಇದೆಯಾ?"

"ನಮ್ಮ ವಂಶದಲ್ಲೇ ಇಲ್ಲ," ಎಂದರು ಇನ್ಸ್‌ಪೆಕ್ಟರರು, ಎದೆ ಮುಂದೆ ಮಾಡಿ. ಸೊಸೆ ಫ್ಯಾನಿನ ಕಡೆ ನೋಡಿದಳು.

ಪುಡಿ ಕೆಲಸ ಮಾಡಿತು. ಮೊದಲೆರಡು ದಿನ ಮನೆ ಮನೆಯಾಗಿರಲಿಲ್ಲ, ಬಟ್ಟೆ ಒಗೆದು ಒಗೆದು ಸೊಸೆಯ ಬೆರಳು ಸುಕ್ಕಾದವು. ಆಮೇಲೆ ಹೊಟ್ಟೆ ಮೆತ್ತಗಾಯಿತು. ಆದರೆ ಮೆಣಸು ಮಾತ್ರ ಟಾಯ್ಲೆಟ್ಟಿನ ಹೊಸ್ತಿಲು ದಾಟಲಿಲ್ಲ. ಎತ್ತಿಕೊಂಡು ಹೋದರೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿರುಚುತ್ತಿದ್ದಳು. ಸೊಸೆ ಬಾತುಕೋಳಿ ಮುಖದ, ಮಕ್ಕಳು ಕಕ್ಕಸಿಗೆ ಕೂರುವ ಒಂದು ಪುಟ್ಟ ಕುರ್ಚಿ ತಂದು ಹಾಲಿನ ಮೂಲೆಯಲ್ಲಿಟ್ಟಳು. ಮೆಣಸು ಅದರ ಮೇಲೆ ತನ್ನ ಗೊಂಬೆಯನ್ನು ಕೂರಿಸಿದಳೇ ಹೊರತು ತಾನು ಕೂರಲಿಲ್ಲ.

"ಪುಡಿಯಂತೆ, ಮಣೆಯಂತೆ, ಬಾತುಕೋಳಿಯಂತೆ!" ಇನ್ಸ್‌ಪೆಕ್ಟರರು ಕೇಳುವವರಿಗೆಲ್ಲ ಹೇಳಿದರು. "ನಮ್ಮ ಕಾಲದಲ್ಲಿ ಒಂದು ಗದರಿದರೆ ಸಾಕಿತ್ತು. ಈಗಿನವರಿಗೆ ಮಕ್ಕಳನ್ನ ಹೇಲಿಸೋಕೂ ಡಾಕ್ಟರು ಬೇಕು."

ತಿಂಗಳ ಕೊನೆ ಹತ್ತಿರ ಬಂತು. ರಜೆಯ ದಿನ ಮಧ್ಯಾಹ್ನ ಇನ್ಸ್‌ಪೆಕ್ಟರರು ಸೋಫಾದ ಮೇಲೆ ಕಣ್ಣು ಮುಚ್ಚಿ ಒರಗಿದ್ದರು. ಸೊಸೆ ಊಟದ ಮೇಜಿನ ಹತ್ತಿರ ಬಟ್ಟೆ ಮಡಿಸುತ್ತಿದ್ದಳು. ಮೂಲೆಯಲ್ಲಿ ಮೆಣಸು ಗೊಂಬೆಯ ಜೊತೆ ಆಡುತ್ತಿದ್ದಳು. ಗೊಂಬೆಯ ಮುಂದೆ ಪೇಪರಿನ ಒಂದು ಚೂರನ್ನು ಬಿಡಿಸಿ ಹಿಡಿದಳು. ಆಮೇಲೆ ಇದ್ದಕ್ಕಿದ್ದಂತೆ ಗಂಟಲನ್ನು ದಪ್ಪ ಮಾಡಿ ನರಳತೊಡಗಿದಳು.

"ಮ್ಮ್‌ಮ್ಮ್... ಅಯ್ಯಯ್ಯಪ್ಪಾ! ಸತ್ತೆ! ಬಿಡೋ ಪಾಪೀ! ಮ್ಮ್‌ಮ್ಮ್!"

ಸೊಸೆಯ ಕೈ ಅಲ್ಲೇ ನಿಂತಿತು. ಇನ್ಸ್‌ಪೆಕ್ಟರರ ಕಣ್ಣು ತಾನಾಗಿ ತೆರೆದುಕೊಂಡಿತು. ಅನುಕರಣೆಯಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಕೊನೆಯಲ್ಲಿ ಅವರು ಬಿಡುತ್ತಿದ್ದ ಆ ನಿಟ್ಟುಸಿರೂ ಇತ್ತು.

ಮೆಣಸು ಗೊಂಬೆಯನ್ನು ಎತ್ತಿಕೊಂಡು ಬೆನ್ನು ತಟ್ಟಿದಳು. "ಅಳಬೇಡ. ಒಳಗೆ ಒಬ್ಬ ಪಾಪಿ ಇದಾನೆ. ದಿನಾ ತಾತನ್ನ ಹಿಡ್ಕೊಳ್ತಾನೆ. ಬಿಡೋ ಅಂದ್ರೂ ಬೇಗ ಬಿಡಲ್ಲ. ತಾತ ದೊಡ್ಡೋನು, ಅದಕ್ಕೆ ಸಾಯಲ್ಲ. ನೀನು ಚಿಕ್ಕೋಳು. ನೀನು ಹೋಗಬೇಡ. ಹಿಡ್ಕೋ. ಕಾಲು ಹೀಗೆ ಮಾಡು."

ಗೊಂಬೆಯ ಕಾಲನ್ನು ಒಂದರ ಮೇಲೊಂದು ಹೆಣೆದಳು.

ಸೊಸೆ ಮಾವನ ಕಡೆ ತಿರುಗಿದಳು. ಮದುವೆಯಾಗಿ ಬಂದಾಗಿನಿಂದ ಎದುರು ಮಾತಾಡಿದವಳಲ್ಲ. ಈಗಲೂ ದನಿ ಎತ್ತಲಿಲ್ಲ.

"ಸಿಕ್ಕಿಬಿದ್ರಿ, ಮಾವ," ಎಂದಳು.

ಬಸ್ಸಿನಲ್ಲಿ ಸಿಕ್ಕಿಬಿದ್ದವರು ಹೇಳುತ್ತಿದ್ದ ಸುಳ್ಳುಗಳೆಲ್ಲ ಇನ್ಸ್‌ಪೆಕ್ಟರರಿಗೆ ಬಾಯಿಪಾಠ. ಜೇಬಿನಲ್ಲೇ ಇತ್ತು, ಈಗ ತಾನೇ ಹತ್ತಿದೆ, ನನ್ನನ್ನಲ್ಲ ಸಾರ್ ಅವನನ್ನ ಕೇಳಿ. ಒಂದೂ ನೆರವಿಗೆ ಬರಲಿಲ್ಲ. ಆ ಮನುಷ್ಯರ ಮೇಲೆ ಅವರಿಗೆ ಎಷ್ಟು ತಾತ್ಸಾರವಿತ್ತೋ ಅಷ್ಟೂ ಈಗ ತಮ್ಮ ಮೇಲೇ ಬಂದು ಕೂತಿತು. ಮಗು ತಮ್ಮನ್ನು ಕಂಡು ಅಸಹ್ಯ ಪಟ್ಟಿದ್ದರೂ ಸಹಿಸಬಹುದಿತ್ತು. ಅದು ದಿನವೂ ಬೆಳಿಗ್ಗೆ ತಾತ ಬದುಕಿ ಬರುತ್ತಾನೋ ಇಲ್ಲವೋ ಎಂದು ಕಾದು ಕೂತಿತ್ತು. 

ರಾತ್ರಿ ಊಟದ ಮೇಜಿನ ಮೇಲೆ ಪುಡಿ ಕದಡಿದ ಲೋಟ ಎರಡಿದ್ದವು.

"ಡಾಕ್ಟರಿಗೆ ಫೋನ್ ಮಾಡಿದ್ದೆ. ದೊಡ್ಡವರಿಗೆ ಎಷ್ಟು ಹಾಕಬೇಕು ಅಂತ ಕೇಳಿಕೊಂಡೆ," ಎಂದಳು ಸೊಸೆ. "ನಿಮ್ಮ ವಂಶದಲ್ಲಿ ಇದೆ ಅಂತಾನೂ ಹೇಳಿದೆ."

ಮಗ ಅನ್ನ ಕಲೆಸುತ್ತಾ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ಮನಿರೋ," ಎಂದು ಗದರಿ ಇನ್ಸ್‌ಪೆಕ್ಟರರು ಲೋಟ ಎತ್ತಿ ಕುಡಿದರು. ಮೆಣಸು ತನ್ನ ಲೋಟದ ಅಂಚಿನ ಮೇಲಿಂದ ಅವರನ್ನೇ ನೋಡುತ್ತಿದ್ದಳು. ಅವರು ಮುಖ ಕಿವುಚಿದಾಗ ಅವಳೂ ಕಿವುಚಿದಳು.

ಮರುದಿನ ಬೆಳಿಗ್ಗೆ ಒಳಗೆ ಕೂತಾಗ ಬಾಗಿಲಿನಾಚೆ ಪುಟ್ಟ ಉಸಿರಾಟ ಕೇಳಿಸಿತು. ಇಷ್ಟು ದಿನವೂ ಅದು ಅಲ್ಲೇ ಇತ್ತೇನೋ, ತಮ್ಮ ಗದ್ದಲದಲ್ಲಿ ಕೇಳಿರಲಿಲ್ಲ. ಇನ್ಸ್‌ಪೆಕ್ಟರರು ಹೆಗಲ ಟವಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಬೆವರು ಕಿತ್ತುಕೊಂಡು ಬಂತು. ಸದ್ದು ಬರಲಿಲ್ಲ.

"ತಾತ," ಎಂದಿತು ಆಚೆಯ ದನಿ. "ಸತ್ತೋದ್ಯಾ?"

ಟವಲು ತೆಗೆದರು. "ಇಲ್ಲ ಕಣಮ್ಮಾ."

"ಮತ್ತೆ ಯಾಕೆ ಸುಮ್ಮನಿದೀಯಾ? ಪಾಪಿ ಇಲ್ವಾ?"

"ಯಾವ ಪಾಪೀನೂ ಇಲ್ಲ. ಇರೋದು ನಾನೊಬ್ಬನೇ."

ಪುಟ್ಟ ಹೆಜ್ಜೆಗಳು ದೂರ ಓಡಿದವು. ಆಮೇಲೆ ನೆಲದ ಮೇಲೆ ಏನನ್ನೋ ಎಳೆದು ತರುವ ಸದ್ದು. "ತಾತ, ನನ್ನ ಮಣೆ ತಗೋ. ಕಾಲು ಇದರ ಮೇಲೆ ಇಟ್ಕೊಂಡ್ರೆ ನೋಯಲ್ಲ ಅಂತ ಡಾಕ್ಟ್ರು ಹೇಳಿದಾರೆ."

ಇನ್ಸ್‌ಪೆಕ್ಟರರು ಬಾಗಿಲನ್ನು ಒಂದಿಷ್ಟೇ ತೆರೆದು, ಕೈ ಹೊರಚಾಚಿ, ಆ ಮಣೆಯನ್ನು ಒಳಗೆಳೆದುಕೊಂಡರು.

ಟವಲಿನ ಅಗತ್ಯ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಪೇಪರು ಮೊದಲ ಪುಟ ಮುಗಿಯುವುದರೊಳಗೆ ಹೊರಬರತೊಡಗಿತು. ಮೆಣಸು ಮೊದಲು ಹೊಸ್ತಿಲ ಹೊರಗೆ ಕೂತಳು. ಮರುದಿನ ಗೊಂಬೆಯನ್ನು ಒಳಗೆ ಕಳಿಸಿ ಅದು ವಾಪಸು ಬರುವುದನ್ನು ಪರೀಕ್ಷಿಸಿದಳು. ಸೊಸೆ ದಿನಾ ರಾತ್ರಿ ಎರಡು ಲೋಟ ಪುಡಿ ಕದಡುತ್ತಿದ್ದಳು. ಮಾವನ ಲೋಟವನ್ನು ಮಾತ್ರ ಮೇಜಿನ ಮೇಲೆ ಕುಕ್ಕಿ ಇಡುತ್ತಿದ್ದಳು.

ತಿಂಗಳ ಕೊನೆಯ ದಿನ. ಶಿಶುವಿಹಾರದ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಇನ್ಸ್‌ಪೆಕ್ಟರರು ಪೇಪರು ಹಿಡಿದು ತಮ್ಮ ಹೊತ್ತಿಗೆ ಸರಿಯಾಗಿ ಹೋದರೆ ಟಾಯ್ಲೆಟ್ಟಿನ ಬಾಗಿಲು ಮುಚ್ಚಿತ್ತು. ಸೊಸೆ ಎದುರಿಗೇ ನಿಂತಿದ್ದಳು. ಮಗ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ.

"ಒಳಗೆ ಯಾರು?"

ಸೊಸೆ ತುಟಿಯ ಮೇಲೆ ಬೆರಳಿಟ್ಟಳು. ಇನ್ಸ್‌ಪೆಕ್ಟರರು ಹಿಂದಕ್ಕೆ ಸರಿದರು. ಪುಡಿ ಈಗ ಅವರ ಹೊಟ್ಟೆಯಲ್ಲೂ ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುತ್ತಿತ್ತು. ಅತ್ತ ಇತ್ತ ನೋಡಿದರು. ಮಗನ ಪೆಟ್ರೋಲ್ ಬಂಕು ನೆನಪಾಯಿತು, ಅಲ್ಲಿಯವರೆಗೆ ಹೋಗುವ ಧೈರ್ಯವಾಗಲಿಲ್ಲ.

"ತಾತ, ಹೊರಗಿದೀಯಾ?"

"ಇದೀನಿ."

"ಬಾಗಿಲು ಬಡೀಬೇಡ."

"ಇಲ್ಲಮ್ಮಾ. ನಿಧಾನ ಮಾಡ್ಕೋ."

ಸೊಸೆ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ನಗು ತಡೆದುಕೊಂಡು ಅಡುಗೆಮನೆಗೆ ಹೋದಳು. ಇನ್ಸ್‌ಪೆಕ್ಟರರು ಒಂದು ಕಾಲನ್ನು ಇನ್ನೊಂದಕ್ಕೆ ಹೆಣೆದು, ತುದಿಗಾಲಲ್ಲಿ, ಕಿಟಕಿಯ ಪರದೆಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದುಕೊಂಡು ನಿಂತರು.