ಎರಡು ಗೆರೆ ಕಡಿಮೆ

ಮಾವನವರು ದಪ್ಪ ಅಳೆಯುವ ಮೈಕ್ರೋಮೀಟರನ್ನು ಎಡಗಣ್ಣಿಗೆ ಹಿಡಿದದ್ದನ್ನು ಕಂಡು ಸೊಸೆಯ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅವರು ಉಕ್ಕಿನ ತುಂಡಿನಿಂದ ಇನ್ನೆರಡು ಗೆರೆ ತೆಗೆಯುವಂತೆ ಲೇತ್ ಯಂತ್ರಕ್ಕೆ ಅಂಕಿ ಕೊಟ್ಟು, ಗಾಜಿನ ಬಾಗಿಲು ಸರಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು ಹಸಿರು ಗುಂಡಿ ಅದುಮಿಬಿಟ್ಟಿದ್ದರು.

ಕಡೆಯ ಸುತ್ತು ಮುಗಿಯುವುದಕ್ಕೆ ಒಂದೂವರೆ ನಿಮಿಷ ಬೇಕು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಅವಳ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರ. ಎದ್ದು ಹೋಗಿ ಅದನ್ನು ಒತ್ತಿದ್ದರೆ ತುಂಡು ಉಳಿಯುತ್ತಿತ್ತು. ಒತ್ತಿದರೆ ಮಾವ “ಯಾಕಮ್ಮಾ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತು, ‘ದೇವರೇ, ನಾನು ಅಂದುಕೊಂಡದ್ದು ಸುಳ್ಳಾಗಲಿ’ ಎಂದು ಬೇಡುತ್ತ ಆ ಒಂದೂವರೆ ನಿಮಿಷವನ್ನೂ ಕಳೆದಳು.

ಯಂತ್ರ ನಿಂತಿತು. ಮಾವ ಹೊಳೆಯುವ ಉಕ್ಕಿನ ತುಂಡನ್ನು ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಅಳೆದು, ಮುಂದಿದ್ದ ಅಳತೆಯ ಚೀಟಿ ನೋಡಿದರು. “ಹನ್ನೊಂದು ಪಾಯಿಂಟ್ ತೊಂಬತ್ತೆಂಟು. ಚೀಟಿಯಲ್ಲಿ ಇದ್ದಷ್ಟೇ ಇದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ,” ಎಂದರು. ತುಂಡು ಕೂರಬೇಕಾದ ಗಾಜಿನ ಕೊಳವೆಯನ್ನು ಹತ್ತಿಯಿಂದ ಬಿಡಿಸಿ, ಕೆಳಗಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮೇಲಿನಿಂದ ತುಂಡನ್ನು ಇಳಿಬಿಟ್ಟರು. ಒಳಗಿನ ಗಾಳಿ ತಡೆದು ಅದು ನಡುವೆಯೇ ನಿಲ್ಲಬೇಕಿತ್ತು. ನಿಲ್ಲದೆ ಸರ್ರನೆ ಜಾರಿ ಬೆರಳಿಗೆ ಬಂದು ಬಡಿಯಿತು.

“ಇದೂ ಹೋಯ್ತು,” ಎಂದರು ಮಾವ.

ಓಣಿಯ ತುದಿಯ ತಗಡಿನ ಷೆಡ್ಡು ಅವರದು. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ, ಎದುರಿಗೆ ರಟ್ಟಿನ ಪೆಟ್ಟಿಗೆ ಮಾಡುವವರು. ಹೊಸದಾಗಿ ಏನನ್ನಾದರೂ ಕಂಡುಹಿಡಿದವರು ಮೊದಲ ಸ್ಯಾಂಪಲ್ಲಿಗಾಗಿ ಇಲ್ಲಿಗೆ ಬರುತ್ತಿದ್ದರು. ಒಂದೇ ಒಂದು ತುಂಡು ಬೇಕಾದವರನ್ನು ದೊಡ್ಡ ಕಾರ್ಖಾನೆಯವರು ಗೇಟಿನ ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಸೊಸೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆಯುವಳು. ಮಾವ ಲೇತಿನ ಮುಂದೆ ನಿಂತು ಕೆಲಸ ಮಾಡಿಸುವರು. ಕಂಪ್ಯೂಟರ್ ಲೇತು ಹೇಳಿದಷ್ಟು ಮಾಡುತ್ತದೆ ನಿಜ, ಆದರೆ ಹೇಳಿದ್ದು ಸರಿಯೋ ತಪ್ಪೋ ಎಂದು ಅದು ಕೇಳುವುದಿಲ್ಲ. ಅದಕ್ಕಾಗಿ ಕಡೆಯ ಸುತ್ತಿಗೆ ಮೊದಲು ಅದನ್ನು ನಿಲ್ಲಿಸಿ, ತುಂಡನ್ನು ಅಳೆದು, ಚೀಟಿಯ ಅಂಕಿಗೂ ಕಣ್ಣಿಗೆ ಕಂಡ ಅಂಕಿಗೂ ಇರುವ ವ್ಯತ್ಯಾಸವನ್ನು ತಿದ್ದಬೇಕು. ತಿದ್ದುವುದು ಮಾವನ ಕೆಲಸ, ತುಂಡಿಗೊಂದು ಚೀಟಿ ಬರೆಯುವುದು ಸೊಸೆಯದು.

ಈ ಸಲದ ಕೆಲಸ ಒಬ್ಬ ಡಾಕ್ಟರಮ್ಮನದು. ಕರೆಂಟಿಲ್ಲದ ಕಡೆ ಹುಟ್ಟಿದ ಕೂಸಿನ ಗಂಟಲಿನಿಂದ ಕಫ ಎಳೆಯಲು ಕೈಯಿಂದಲೇ ಒತ್ತುವಂಥ ಪಂಪೊಂದನ್ನು ಆಕೆ ಯೋಚಿಸಿದ್ದರು. ಪ್ರತಿ ಸಲ ಕುದಿಸಬೇಕಾದ್ದರಿಂದ ರಬ್ಬರು ಹಾಕುವಂತಿಲ್ಲ. ಗಾಜಿನೊಳಗೆ ಉಕ್ಕು ಗಾಳಿ ಹೋಗದಷ್ಟು ಬಿಗಿಯಾಗಿ, ಸಿಕ್ಕಿಕೊಳ್ಳದಷ್ಟು ಸಡಿಲವಾಗಿ ಓಡಾಡಬೇಕು. ಒಂದು ಗೆರೆ ಹೆಚ್ಚುಕಮ್ಮಿಯಾದರೂ ಕೆಲಸಕ್ಕೆ ಬಾರದು. ಗೆರೆ ಎಂದರೆ ಮಿಲಿಮೀಟರಿನ ನೂರನೆಯ ಪಾಲು. ಗಾಜಿನ ಕೊಳವೆ ಇದ್ದದ್ದು ಒಂದು. ಆಕೆ ತಂದುಕೊಟ್ಟ ಉಕ್ಕಿನ ಸರಳಿನಲ್ಲಿ ಬರುವುದು ಮೂರು ತುಂಡು. ನಾಳೆ ಬೆಳಿಗ್ಗೆ ಆಸ್ಪತ್ರೆಯ ಹಿರಿಯರು ಪಂಪನ್ನು ಪರೀಕ್ಷೆ ಮಾಡುವವರಿದ್ದರು. ಅವರು ಒಪ್ಪಿದರೆ ಪಂಪು ಊರೂರಿಗೆ ಹೋಗುತ್ತದೆ, ಒಪ್ಪದಿದ್ದರೆ ಡಾಕ್ಟರಮ್ಮನ ಮೇಜಿನ ಡ್ರಾಯರಿಗೆ. ಇವತ್ತು ನಾಲ್ಕು ಗಂಟೆಗೆ ಬಂದು ತುಂಡನ್ನು ಒಯ್ಯುತ್ತೇನೆಂದು ಆಕೆ ಹೇಳಿದ್ದರು. ಈಗ ಎರಡು ತುಂಡು ಹಾಳಾಗಿ ಗಂಟೆ ಒಂದೂಕಾಲು ಆಗಿತ್ತು.

ಮೊದಲನೆಯದು ಹಾಳಾದಾಗ ತಪ್ಪನ್ನು ಹೊಸ ಟಿಪ್ಪಿನ ಮೇಲೆ ಹಾಕಿ ಇಬ್ಬರೂ ಸಮಾಧಾನಪಟ್ಟುಕೊಂಡಿದ್ದರು. ಕತ್ತರಿಸುವ ಟಿಪ್ಪು ಹೊಸದಾದರೆ ಮೊದಲ ತುಂಡಿನಲ್ಲಿ ಹಟ ಮಾಡುವುದುಂಟು. ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ.

ಮಾವ ಮೈಕ್ರೋಮೀಟರಿನ ಬಾಯಿ ಮುಚ್ಚಿ ನೋಡಿದರು. ಸೊನ್ನೆ ಸೊನ್ನೆಗೆ ಕೂತಿತು. ಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಯಂತ್ರದ ಹಿಡಿಕೆಯನ್ನು ಅಲ್ಲಾಡಿಸಿದರು. ಷೆಡ್ಡಿನಲ್ಲಿದ್ದ ಎಲ್ಲದರ ಮೇಲೂ ಅನುಮಾನಪಟ್ಟರು, ಚೀಟಿಯೊಂದನ್ನು ಬಿಟ್ಟು. ಅದನ್ನು ಬರೆದವಳ ಮೇಲೆ ಅನುಮಾನ ಅವರ ಮನಸ್ಸಿಗೆ ಸುಳಿಯಲೇ ಇಲ್ಲ. ಸೊಸೆಗೆ ಅದೇ ಚುಚ್ಚಿತು.

ಆ ಹೊತ್ತಿಗೆ ವೆಲ್ಡಿಂಗ್ ಅಂಗಡಿಯವನು ಒಳಗೆ ಬಂದ. ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಕಿಡಿ ಎಂದೇ.

“ಏನ್ ಯಜಮಾನ್ರೇ, ಹೊಸ ಕಣ್ಣು ಹಾಕಿಸ್ಕೊಂಡು ಬಂದಿದೀರಂತೆ! ಈಗ ನನ್ನ ಮುಖ ಸರಿಯಾಗಿ ಕಾಣುತ್ತೋ?”

“ಕಾಣುತ್ತಪ್ಪಾ. ಇಷ್ಟು ದಿನ ಪೊರೆ ಇದ್ದದ್ದೇ ದೇವರ ದಯೆ ಅನ್ನಿಸ್ತಿದೆ.”

ಕಿಡಿ ಹೊಟ್ಟೆ ಹಿಡಿದು ನಕ್ಕ. ಮಾವ ನಗಲಿಲ್ಲ. “ಲೋ, ಆ ದೊಡ್ಡ ರಸ್ತೆ ಷೆಡ್ಡಿನವನು ನಿನಗೆ ಬೇಕಾದವನಲ್ವಾ? ಒಂದೇ ತುಂಡು, ಇವತ್ತೇ ಆಗಬೇಕು. ಮಾಡಿಕೊಡ್ತಾನಾ ಕೇಳು.”

“ಯಾಕೆ, ನಿಮ್ಮ ಯಂತ್ರಕ್ಕೇನು ಬಂತು ಧಾಡಿ?”

“ಯಂತ್ರಕ್ಕಲ್ಲ ಕಣೋ, ನನಗೆ. ಕೈ ಹೋಯ್ತು. ಎರಡು ತುಂಡು ಸುಮ್ಮನೆ ಸುಟ್ಟೆ. ಮೂರನೇದಕ್ಕೆ ಕೈ ಹಾಕೋ ಅಧಿಕಾರ ನನಗಿಲ್ಲ. ಅದು ಕೂಸಿನ ಗಂಟಲಿಗೆ ಹೋಗೋ ಸಾಮಾನು.”

ಕಿಡಿ ಸೊಸೆಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. “ಕೇಳಿ ಬರ್ತೀನಿ,” ಎಂದು ಅವನು ಮೆಲ್ಲಗೆ ಹೊರಟ.

ಷೆಡ್ಡು ಹಾಕಿದಂದಿನಿಂದ ಒಂದು ಸಲವೂ ಮಾವ ಒಪ್ಪಿಕೊಂಡ ಕೆಲಸವನ್ನು ಇನ್ನೊಬ್ಬರ ಬಾಗಿಲಿಗೆ ಕಳಿಸಿದವರಲ್ಲ. ಮಗ ತೀರಿಹೋದ ಹನ್ನೊಂದನೆಯ ದಿನವೇ ಷೆಡ್ಡಿನ ಬಾಗಿಲು ತೆಗೆದು, ಅವನು ಕೂರುತ್ತಿದ್ದ ಕಂಪ್ಯೂಟರಿನ ಮುಂದೆ ಸೊಸೆಯನ್ನು ಕೂರಿಸಿದ್ದರು. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರುತ್ತವೆ ಎಂದಿದ್ದರು. ಈ ಲೇತಿನ ಮುಂದೆ ನಿಂತದ್ದರಿಂದಲೇ ಅವರು ನಿಂತಿದ್ದರು. ಇವತ್ತು ಅಲ್ಲಿಂದ ಸರಿದರೆ ನಾಳೆ ತಿರುಗಿ ಬರುವರೆಂಬ ನಂಬಿಕೆ ಅವಳಿಗಿರಲಿಲ್ಲ.

ಮಾವ ಕೈ ತೊಳೆಯಲು ಹೊರಟರು. ಸೊಸೆ ಎದ್ದು ನಿಂತಳು.

“ಮಾವ, ಚೀಟಿ ತಪ್ಪಿತ್ತು. ನಾನು ಅಂಕಿ ತಪ್ಪಾಗಿ ಬರೆದಿದ್ದೆ.”

ಅವರು ತಿರುಗಿ ನೋಡಿದರು. “ನನ್ನ ಸಮಾಧಾನಕ್ಕೆ ಹೇಳ್ತಿದೀಯಾ?”

“ಇಲ್ಲ. ಹನ್ನೆರಡು ಅಂತ ಇರಬೇಕಿತ್ತು. ಹನ್ನೊಂದು ಪಾಯಿಂಟ್ ತೊಂಬತ್ತೆಂಟು ಅಂತ ಬರೆದೆ.”

“ಎರಡು ಸಲಾನೂ?”

“ಹೂಂ.”

“ಒಂದು ಸಲ ಕೈತಪ್ಪಿದರೆ ಸರಿ. ಎರಡು ಸಲ ಅದೇ ಎರಡು ಗೆರೆ ಹೇಗಮ್ಮಾ ತಪ್ಪುತ್ತೆ? ಸುಳ್ಳು ಹೇಳೋಕೂ ಬರಲ್ಲ ನಿನಗೆ.”

ಇನ್ನು ಮುಚ್ಚಿಡುವಂತಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು. “ಬೇಕೂಂತಲೇ ಬರೆದದ್ದು. ಎರಡು ವರ್ಷದಿಂದ ನಿಮ್ಮ ಚೀಟೀಲಿ ಎರಡು ಗೆರೆ ಕಡಿಮೆ ಬರೆಯೋದು. ಪೊರೆ ಬಂದ ಮೇಲೆ ನೀವು ತಲೆ ವಾಲಿಸಿ ಬಲಗಣ್ಣಲ್ಲಿ ಓರೆಯಾಗಿ ಓದ್ತಿದ್ರಿ. ಓರೆಯಾಗಿ ನೋಡಿದರೆ ಯಾವಾಗಲೂ ಎರಡು ಗೆರೆ ಕಡಿಮೆ ಕಾಣ್ತಿತ್ತು ನಿಮಗೆ. ಚೀಟೀಲೂ ಅಷ್ಟೇ ಕಡಿಮೆ ಇದ್ದರೆ ಎರಡೂ ಕೂಡಿ ಬರ್ತಿತ್ತು, ತುಂಡು ಸರಿಯಾಗ್ತಿತ್ತು. ಡಾಕ್ಟರು ಕೊಯ್ದದ್ದು ಎಡಗಣ್ಣು. ನೀವು ಓದೋದು ಬಲಗಣ್ಣಲ್ಲಿ ತಾನೇ, ಏನೂ ಬದಲಾಗಲ್ಲ ಅಂದ್ಕೊಂಡೆ. ಇವತ್ತು ಎಡಗಣ್ಣಿಗೆ ಹಿಡಿದ್ರಿ. ಇದ್ದದ್ದು ಇದ್ದ ಹಾಗೆ ಕಂಡಿತು. ಚೀಟಿಗಿಂತ ಎರಡು ಗೆರೆ ದಪ್ಪ ಅಂತ ನೀವು ಅಷ್ಟನ್ನೂ ತೆಗೆದ್ರಿ.”

ಮಾವ ನಿಂತಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದರು. ಕೈಯಿಂದ ಯಂತ್ರ ತಣಿಸುವ ಕೂಲೆಂಟಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಎರಡು ವರ್ಷ ಅಂದೆ. ನೀನು ಆ ಕುರ್ಚೀಲಿ ಕೂತು ಒಂದೂವರೆ ವರ್ಷ.”

“ಶುರು ಮಾಡಿದ್ದು ನಾನಲ್ಲ.”

ಅವರು ಗೋಡೆಯ ಕಡೆ ನಡೆದರು. ಹಳೆಯ ಚೀಟಿಗಳನ್ನೆಲ್ಲ ಅವರು ಒಂದು ಕಂಬಿಗೆ ಪೋಣಿಸಿಡುತ್ತಿದ್ದರು. ಮೇಲಿನವು ಸೊಸೆಯ ಗುಂಡು ಅಕ್ಷರದವು. ಒಂದೊಂದಾಗಿ ಸರಿಸುತ್ತ ಕೆಳಗೆ ಹೋದರು. ಓಡುವ ಕೈಬರಹದ ಒಂದು ಚೀಟಿಯ ಬಳಿ ಬೆರಳು ನಿಂತಿತು. ಆ ಕೈಬರಹವನ್ನು ಆ ಮನೆಯಲ್ಲಿ ಯಾರೂ ಒಂದೂವರೆ ವರ್ಷದಿಂದ ಗಟ್ಟಿಯಾಗಿ ಓದಿರಲಿಲ್ಲ.

“ಕಾಫಿ ಯಂತ್ರದ ಕವಾಟ,” ಎಂದು ಓದಿದರು. “ಮೂವತ್ತನಾಲ್ಕು ಪಾಯಿಂಟ್ ತೊಂಬತ್ತೆಂಟು. ಇದರ ಡ್ರಾಯಿಂಗ್ ಇದೆಯಾ?”

ಅವಳು ಹುಡುಕಿ ತೆಗೆದಳು. “ಮೂವತ್ತೈದು, ಮಾವ.”

ಇನ್ನೊಂದು ಓದಿದರು. ಅದೂ ಹಾಗೆಯೇ. ಮೂರನೆಯದನ್ನು ಓದಲಿಲ್ಲ.

“ಅವನೂನಾ,” ಎಂದರು. ಸ್ವಲ್ಪ ತಡೆದು, “ಅಂದರೆ ಗಂಡಹೆಂಡತಿ ಇಬ್ಬರೂ ಸೇರಿ ನನ್ನ ಕೈ ಹಿಡಿದು ರಸ್ತೆ ದಾಟಿಸ್ತಿದ್ರಿ. ನಾನು ನಾನೇ ದಾಟ್ತಿದೀನಿ ಅಂತ ಮೀಸೆ ತಿರುವ್ತಿದ್ದೆ.”

“ಹಾಗನ್ನಬೇಡಿ ಮಾವ.”

“ಮತ್ತೇನನ್ನಲಿ? ಒಂದು ಮಾತು ಹೇಳಿದ್ದರೆ ಆಗಲೇ ಕಣ್ಣು ಕೊಯ್ಸಿಕೊಳ್ತಿರಲಿಲ್ಲವಾ ನಾನು? ಅಷ್ಟು ಮೂರ್ಖನಾ?”

ಕರುಣೆಯೆಂದು ಮಾಡಿದ್ದು ಇಷ್ಟು ಹೊತ್ತಿಗೆ ಅವಮಾನದ ಹಾಗೆ ಕಾಣುತ್ತಿತ್ತು. “ಈಗ ಒಂದೂವರೆ ನಿಮಿಷ ಇತ್ತು,” ಎಂದಳು. “ನೀವು ಎಡಗಣ್ಣಿಗೆ ಹಿಡಿದದ್ದನ್ನ ನೋಡಿದೆ. ಯಂತ್ರ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎರಡನೇ ತುಂಡು ಹಾಳು ಮಾಡಿದ್ದು ನಾನು.”

ಮಾವ ಅವಳನ್ನೇ ನೋಡಿದರು. ಆ ನೋಟದಲ್ಲಿ ಬೈಗುಳವಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಿಡಿ ಬಾಗಿಲಲ್ಲಿ ತಲೆ ಹಾಕಿದ. “ಅವನು ಮಾಡಿಕೊಡ್ತಾನಂತೆ ಯಜಮಾನ್ರೇ. ಈಗಲೇ ತನ್ನಿ ಅಂದ.”

ಮಾವ ಕಂಬಿಯ ಚೀಟಿಗಳನ್ನು ಮತ್ತೆ ಒಟ್ಟಿಗೆ ಸರಿಸಿಟ್ಟರು.

“ಬೇಡ ಅಂತ ಹೇಳಪ್ಪಾ,” ಎಂದರು ಮಾವ. “ನನ್ನ ಕೈ ಸರಿಯಾಗೇ ಇದೆಯಂತೆ.”

ಡ್ರಾಯಿಂಗನ್ನು ದೊಡ್ಡದು ಮಾಡಿಸಿ ತಾವೇ ಓದಿ, ಚೀಟಿಯನ್ನು ತಾವೇ ಬರೆದುಕೊಂಡರು. ನಡುವೆ ನಿಲ್ಲಿಸಿ ಅಳೆಯುವ ಕಡೆ ಹನ್ನೆರಡು ಪಾಯಿಂಟ್ ಐವತ್ತು, ಕಡೆಗೆ ಹನ್ನೆರಡು. ಉಳಿದಿದ್ದ ಸರಳನ್ನು ಯಂತ್ರಕ್ಕೆ ಕಟ್ಟಿದರು. ಯಂತ್ರ ಓಡಿತು, ನಿಂತಿತು. ತುಂಡು ಬಿಸಿಯಾಗಿರುವಾಗ ಅಳೆಯಬಾರದೆಂದು ಕಾದರು. ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು. ಆಮೇಲೆ ಮೈಕ್ರೋಮೀಟರನ್ನು ಅವಳ ಕೈಗೆ ಕೊಟ್ಟರು.

“ಮೊದಲು ನೀನು ಓದು. ಹೇಳಬೇಡ, ಮನಸ್ಸಲ್ಲಿ ಇಟ್ಕೋ.”

ಅವಳು ಓದಿದಳು. ಐವತ್ತು ಕಾಣಲೆಂದು ದೇವರಿಗೆ ಮೊರೆಯಿಟ್ಟಿದ್ದಳು. ಕಂಡದ್ದು ಐವತ್ತೊಂದು. ಇನ್ನೊಮ್ಮೆ ನೋಡಿದಳು, ಐವತ್ತೊಂದೇ. ಐವತ್ತು ಎಂದುಬಿಡಲೇ ಎಂಬ ಆಸೆ ನಾಲಿಗೆಯ ತುದಿಗೆ ಬಂದು ಹೋಯಿತು. ಮಾವ ತಾವೂ ಹಿಡಿದು, ಎಡಗಣ್ಣಿನಿಂದ ನೇರವಾಗಿ ನೋಡಿದರು.

“ಎಷ್ಟು ಕಂಡಿತು?”

“ಐವತ್ತೊಂದು.”

“ನನಗೂ ಅಷ್ಟೇ,” ಎಂದರು. “ಹೆದರಬೇಡ. ಎರಡು ತುಂಡು ತಿಂದು ಟಿಪ್ಪು ಒಂದು ಗೆರೆ ಸವೆದಿದೆ. ಅದು ಸವೆಯಲೇಬೇಕು.” ಒಂದೇ ಗೆರೆಯಷ್ಟು ತಿದ್ದಿ, ಕಣ್ಣು ಮುಚ್ಚಿ ತೆರೆದು, ಗುಂಡಿ ಒತ್ತಿದರು.

ಆ ಒಂದೂವರೆ ನಿಮಿಷ ಸೊಸೆ ಕುರ್ಚಿಯಲ್ಲಿ ಕೂರಲಿಲ್ಲ. ಯಂತ್ರದ ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತಿದ್ದಳು. ಒಳಗೆ ಬಿಳಿ ನೀರು ಸಿಡಿಯುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಸದ್ದು ಕೊನೆಯವರೆಗೂ ಒಂದೇ ಸಮನಾಗಿತ್ತು.

ಮಾವ ಗಾಜಿನ ಕೆಳಬಾಯಿ ಮುಚ್ಚಿಕೊಂಡು ತುಂಡನ್ನು ಇಳಿಬಿಟ್ಟರು. ಉಕ್ಕು ಅರ್ಧ ಬೆರಳಿನಷ್ಟು ಇಳಿದು ಅಲ್ಲಿಯೇ ನಿಂತಿತು. ಅವರು ಹೆಬ್ಬೆರಳನ್ನು ಸಡಿಲಿಸಿದರು, ನಿಧಾನವಾಗಿ ಇಳಿಯತೊಡಗಿತು. ಮುಚ್ಚಿದರು, ನಿಂತಿತು. ಐದಾರು ಸಲ ಹಾಗೆ ಮಾಡಿದರು. ಬೇಕಾಗಿದ್ದದ್ದಕ್ಕಿಂತ ಹೆಚ್ಚು ಸಲವೇ ಇರಬೇಕು.

ಡಾಕ್ಟರಮ್ಮ ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಂದರು. ತುಂಡನ್ನು ಓಡಾಡಿಸಿ ನೋಡಿದಾಗ ಅವರ ಮುಖ ಅರಳಿತು. “ಮೂರರಲ್ಲಿ ಒಂದೇ ಉಳಿದದ್ದು,” ಎಂದರು ಮಾವ. “ಎರಡು ಹಾಳಾದದ್ದು ನಮ್ಮ ಮನೇದೇ ತಪ್ಪು. ನಿಮ್ಮ ಉಕ್ಕಿನದಲ್ಲ.”

“ನನಗೆ ಬೇಕಾದ್ದು ಒಂದೇ,” ಎಂದು ಆಕೆ ಅದನ್ನು ಹತ್ತಿಯಲ್ಲಿ ಸುತ್ತಿ, ಚೀಲವನ್ನು ಎದೆಗವಚಿಕೊಂಡು ಹೋದರು.

ಮಾವ ಯಂತ್ರದೊಳಗಿನ ಉಕ್ಕಿನ ಸುರುಳಿಗಳನ್ನು ಬಳಿದು ಹಾಕಿದರು. ಸೊಸೆಯೊಡನೆ ಒಂದು ಮಾತೂ ಆಡಲಿಲ್ಲ. ನಾಳೆಯಿಂದ ಬೇರೆ ಕಡೆ ಕೆಲಸ ನೋಡಿಕೋ ಎನ್ನುವರೋ ಏನೋ ಎಂದು ಅವಳು ಕಂಪ್ಯೂಟರನ್ನು ಆರಿಸದೆ ಕೂತಳು. ಕೊನೆಗೆ ಅವರು ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತರು.

“ಈ ಎರಡು ಗೆರೆ ವಿಷಯ ನಿನಗೆ ಯಾವಾಗ ಹೇಳಿದ ಅವನು?”

“ಆಸ್ಪತ್ರೇಲಿ. ಕೊನೆಯ ವಾರ.”

“ಏನಂತ?”

“‘ಅಪ್ಪನಿಗೆ ಗೊತ್ತಾಗಬಾರದು. ನೊಂದುಕೊಳ್ತಾರೆ’ ಅಂತ.”

ಮಾವ ತಲೆಯಾಡಿಸಿದರು. ಆ ವಾರದಲ್ಲಿ ಅವರು ಆಸ್ಪತ್ರೆಯ ವರಾಂಡದಲ್ಲಿ ಜಪ ಮಾಡುತ್ತ ಕೂತಿದ್ದರೇ ಹೊರತು ಒಳಗೆ ಹೋಗಿ ಮಗನ ಮುಖ ನೋಡುವ ಶಕ್ತಿ ಅವರಿಗಿರಲಿಲ್ಲ. ಆಮೇಲೂ ಆ ದಿನಗಳ ಸುದ್ದಿಯನ್ನು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದರು. ಈಗ ಅವಳ ಕುರ್ಚಿಯ ಪಕ್ಕದ ಡಬ್ಬದ ಮೇಲೆ ಕುಳಿತರು.

“ಇನ್ನೇನು ಹೇಳಿದ?”

ಸೊಸೆ ಕಂಪ್ಯೂಟರ್ ಆರಿಸಿ ಅವರ ಕಡೆ ತಿರುಗಿದಳು. ಆ ವಾರದ ಮೊದಲ ದಿನದಿಂದ ಶುರು ಮಾಡಿದಳು. ಈ ಸಲ ಮಾವ ಎದ್ದು ಹೋಗಲಿಲ್ಲ.